ಮುಳುಗಿದ ಹನಿ

ಅಪ್ಪಾ,

ಇವತ್ತು ನನ್ನ ಹನಿ ಮುಳುಗಿತು.

ರಕ್ತನಿಧಿಯ ಆ ನೀಲಿ ದ್ರಾವಣ ನಿನಗೆ ಗೊತ್ತಲ್ಲ. ಬೆರಳು ಚುಚ್ಚಿ ತೆಗೆದ ರಕ್ತದ ಹನಿಯನ್ನು ಅದರಲ್ಲಿ ಬಿಡುತ್ತಾರೆ. ರಕ್ತ ಗಟ್ಟಿಯಾಗಿದ್ದರೆ ಮುಳುಗುತ್ತದೆ, ಕಬ್ಬಿಣದ ಅಂಶ ಸಾಲದಿದ್ದರೆ ತೇಲುತ್ತದೆ. ನಿನಗೆ ರಕ್ತ ಏರಿಸುತ್ತಿದ್ದ ವರ್ಷವೆಲ್ಲ ನನ್ನದು ತೇಲುತ್ತಲೇ ಇತ್ತು. ಪ್ರತಿ ಸಲ ಮುಖ ಸಣ್ಣದು ಮಾಡಿಕೊಂಡು ವಾರ್ಡಿಗೆ ಬಂದರೆ ನೀನು, "ಬಿಡೇ, ನಿನಗೇ ಸಾಲದ್ದು ನನಗೆಲ್ಲಿಂದ ಕೊಡ್ತೀಯ" ಎಂದು ನಗುತ್ತಿದ್ದೆ.

ನೀನು ಹೋದ ಮೇಲೂ ನಾನು ಕಬ್ಬಿಣದ ಮಾತ್ರೆ ಬಿಡಲಿಲ್ಲ. "ಇನ್ನು ಯಾರಿಗೇ?" ಎಂದು ಅಮ್ಮ ಕೇಳಿದಳು. ನಾನು ಮಾತ್ರೆ ನುಂಗಿ ನೀರು ಕುಡಿದೆ.

ಇವತ್ತು, ಆಗೆಲ್ಲ ನನ್ನನ್ನು ವಾಪಸ್ ಕಳಿಸುತ್ತಿದ್ದ ಅದೇ ನರ್ಸಮ್ಮ ಹನಿ ಬಿಟ್ಟರು. ಅದು ತಡವರಿಸದೆ, ಕಲ್ಲಿನ ಹಾಗೆ ತಳಕ್ಕಿಳಿಯಿತು. "ಅಂತೂ ಗೆದ್ದುಬಿಟ್ಟೆ ಕಣಮ್ಮ" ಎಂದು ಪಕ್ಕದ ಕೋಣೆಯವರನ್ನೂ ಕರೆದು ತೋರಿಸಿದರು. ಚೀಲ ತುಂಬುವಷ್ಟು ಹೊತ್ತೂ ನಾನು ಹಲ್ಲು ಬಿಡುತ್ತಿದ್ದೆನಂತೆ.

"ಒಂದ್ಸಲ ಕೊಟ್ಟು ಫೋಟೋ ಹಾಕೋರು ಬೇಕಾದಷ್ಟಿದಾರೆ," ಎಂದರು, ಮೊಣಕೈಗೆ ಹತ್ತಿ ಒತ್ತುತ್ತಾ. "ರಕ್ತ ತುಂಬಾ ದಿನ ಇಡೋಕಾಗಲ್ಲ. ನಿಮ್ಮಪ್ಪನಂಥೋರಿಗೆ ಹದಿನೈದು ದಿನಕ್ಕೊಮ್ಮೆ ಬೇಕೇಬೇಕು. ಮತ್ತೆ ಮತ್ತೆ ಬರೋರು ಬೇಕು ನಮಗೆ."

ನಾಲ್ಕು ತಿಂಗಳಿಗೆ ಸರಿಯಾಗಿ ಬರುತ್ತೇನೆ ಎಂದೆ.

ಚೀಲದ ಮೇಲೆ ರಕ್ತದ ಗುಂಪು, ಒಂದು ಸಂಖ್ಯೆ, ಅಷ್ಟೇ, ಹೆಸರಿಲ್ಲ. ನಿನ್ನ ತಲೆಯ ಹತ್ತಿರ ತೂಗುತ್ತಿದ್ದ ಚೀಲಗಳ ಮೇಲೂ ಇರಲಿಲ್ಲ. ಕೊಟ್ಟವರು ಯಾರಿರಬಹುದೆಂದು ನೀನು ಎಷ್ಟು ಸಲ ಕೇಳಿದ್ದೆ. ಈಗ ಅವರಲ್ಲಿ ಒಬ್ಬಳನ್ನು ನೀನು ಬಲ್ಲೆ.