ಕಂಬಕ್ಕೆ ಗುದ್ದಿದವಳು

ನವೆಂಬರ್ 12, ಮಂಗಳವಾರ. ಟೊಲೀಡೊ.

ವಿಮಾ ಕಂಪನಿಯ ಕಾಗದ ಬಂತು. ನನ್ನ ಕಾರಿನ ಕಂತು ತಿಂಗಳಿಗೆ ಐವತ್ತೆಂಟು ಡಾಲರ್ ಏರಿದೆ. ಕಾರಣ, ಕೆಂಪು ದೀಪ ದಾಟಿ ಕಂಬಕ್ಕೆ ಗುದ್ದಿದ್ದು. ಹತ್ತೊಂಬತ್ತು ವರ್ಷ ಕಾರು ಓಡಿಸಿ ಒಮ್ಮೆಯೂ ದಂಡ ಕಟ್ಟದವಳು ನಾನು.

ಆ ದಿನ ಓಡಿಸುತ್ತಿದ್ದವನು ನನ್ನ ಗಂಡ ಕರ್ಟಿಸ್. ಪೊಲೀಸರು ಬರುವ ಮೊದಲು ನನ್ನ ಕೈ ಹಿಡಿದು, "ನೀನೇ ಓಡಿಸ್ತಿದ್ದೆ ಅಂತ ಹೇಳ್ಬಿಡು ಮಾರ್ಲೀನ್. ನನ್ ಮೇಲೆ ಆಗ್ಲೇ ಎರಡು ಕೇಸಿದೆ, ಇನ್ನೊಂದು ಬಿದ್ರೆ ಲೈಸೆನ್ಸೇ ಹೋಗುತ್ತೆ" ಎಂದು ಗೋಗರೆದ. ಕನಿಕರಪಟ್ಟು ಹಾಗೇ ಹೇಳಿದೆ.

ಇವತ್ತು ಊಟಕ್ಕೆ ಅವನ ಅಕ್ಕ ಯವೆಟ್ ಬಂದಿದ್ದಳು. ಕಾಗದ ಮೇಜಿನ ಮೇಲಿತ್ತು. ಅವನು ಆಲೂಗಡ್ಡೆ ಬಡಿಸಿಕೊಳ್ಳುತ್ತಾ, "ಇವಳು ಸ್ಟಿಯರಿಂಗ್ ಹಿಡಿದ್ರೆ ಕಂಬಗಳೇ ದಾರಿ ಬಿಡ್ಬೇಕು ಕಣಕ್ಕಾ!" ಎಂದ.

ಯವೆಟ್ ಬಿದ್ದು ಬಿದ್ದು ನಕ್ಕಳು. "ಸ್ವಲ್ಪ ಕಣ್ಬಿಟ್ಟು ಓಡ್ಸೇ ಮಾರಾಯ್ತಿ. ನನ್ ತಮ್ಮ ದುಡಿದದ್ದೆಲ್ಲ ಇದಕ್ಕೇ ಸುರಿಬೇಕಾ?"

ಅವನ ಮುಖ ನೋಡಿದೆ. ಅಳುಕಿನ ಸುಳಿವೂ ಇಲ್ಲ. ತನ್ನ ಸುಳ್ಳನ್ನು ತಾನೇ ನಂಬಿಬಿಟ್ಟಿದ್ದಾನೆ. ಸುಳ್ಳು ಹೇಳಿಸಿದ್ದನ್ನು ಕ್ಷಮಿಸಿದ್ದೆ. ಈ ನಗುವನ್ನು ಹೇಗೆ ಕ್ಷಮಿಸಲಿ?

ಯವೆಟ್ ಹೊರಟ ಮೇಲೆ ಅವನೆದುರೇ ಕಂಪನಿಗೆ ಫೋನ್ ಮಾಡಿ, ನನ್ನ ಕಾರಿನ ವಿಮೆಯಿಂದ ಕರ್ಟಿಸ್‌ನ ಹೆಸರು ತೆಗೆಸಿದೆ. ಇನ್ನು ಅವನು ಆ ಕಾರು ಓಡಿಸುವಂತಿಲ್ಲ. ಕೀಲಿಕೈ ನನ್ನ ಚೀಲಕ್ಕೆ ಸೇರಿತು.

"ನಾಳೆ ನಾನು ಕೆಲಸಕ್ಕೆ ಹೆಂಗೇ ಹೋಗ್ಲಿ?"

"ಬಸ್ಸಿದೆ."

ಈಗ ಸೋಫಾದ ಮೇಲೆ ಮುಸುಕೆಳೆದು ಮಲಗಿದ್ದಾನೆ. ಗೆದ್ದೆ ಎನ್ನಿಸಬೇಕಿತ್ತು, ಎನ್ನಿಸುತ್ತಿಲ್ಲ. ವಿಮಾ ಕಂಪನಿಯ ದಾಖಲೆಯಲ್ಲಿ ಇನ್ನೂ ಮೂರು ವರ್ಷ ಕಂಬಕ್ಕೆ ಗುದ್ದಿದವಳು ನಾನೇ. ಯವೆಟ್‌ಳ ಬಾಯಲ್ಲಂತೂ, ಸಾಯುವ ತನಕ...