ಫ್ಯೂಸಿಗೆ ಹೊಸೆದ ಜರಿ

ರೀ,

ಮೇನ್ ಸ್ವಿಚ್ ಆಫ್ ಮಾಡಿದ್ದೇನೆ. ರಾಂಪುರದಿಂದ ಎಲೆಕ್ಟ್ರಿಷಿಯನ್ ಜೋಗಪ್ಪನನ್ನು ನಾನು ಕರೆತರುವ ತನಕ ಮುಟ್ಟಬೇಡಿ.

ಬ್ರೇಕರ್ ಯಾಕೆ ಪದೇ ಪದೇ ಬಿದ್ದು ಕರೆಂಟು ಹೋಗುತ್ತದೆಂದು ಮೊನ್ನೆಯೇ ಒಂದೊಂದನ್ನೂ ಹಾಕಿ ನೋಡಿದ್ದೆ. ಫ್ರಿಜ್ಜು, ಮಿಕ್ಸಿ, ಮಗ್ಗದ ಕಂಡಿಕೆಗೆ ನೂಲು ಸುತ್ತುವ ಮೋಟಾರು, ಯಾವುದಕ್ಕೂ ಬೀಳಲಿಲ್ಲ. ನೀರು ಕಾಯಿಸುವ ಹೀಟರ್ ಹಾಕಿದ ಕೂಡಲೇ ಬಿತ್ತು. ಹೇಳಿದರೆ, “ಹೀಟರ್ ಹೊಸಾದೈತೆ ಕಣೇ, ಬ್ರೇಕರ್‌ಗೇ ಸೊಕ್ಕು” ಎಂದು ನಕ್ಕಿರಿ. ಆ ಸೊಕ್ಕು ಇಳಿಸಲು ಬ್ರೇಕರನ್ನೇ ಕಿತ್ತು, ಹಳೆಯ ಫ್ಯೂಸ್ ಕೂರಿಸಿ, ತಂತಿಯ ಬದಲು ಮಗ್ಗದ ಜರಿಯನ್ನು ನಾಲ್ಕೆಳೆ ಹೊಸೆದು ಕಟ್ಟಿದಿರಿ. ಬಹಳ ಅಂದವಾಗಿ ಕಟ್ಟಿದ್ದೀರಿ. ಸೆರಗು ನೇಯುವಾಗ ಇಷ್ಟು ಶ್ರದ್ಧೆ ಇದ್ದಿದ್ದರೆ ಸಾವ್ಕಾರರು ಸೀರೆ ವಾಪಸ್ ಕಳಿಸುತ್ತಿರಲಿಲ್ಲ.

ಆಮೇಲೆ ಕರೆಂಟು ಹೋಗಲಿಲ್ಲ, ನಿಜ. ಇವತ್ತು ಬೆಳಿಗ್ಗೆ ಅತ್ತೆ ಹೀಟರ್ ಹಾಕಿದ್ದ ಬಕೆಟ್ಟಿನ ನೀರಿಗೆ ಕೈಯಿಟ್ಟರು, ಶಾಕ್ ಹೊಡೆದು ಬಚ್ಚಲ ಗೋಡೆಗೆ ಹೋಗಿ ಬಿದ್ದರು. ನೀವಾಗ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ನಿಮ್ಮ ರಿಪೇರಿಯನ್ನು ವರ್ಣಿಸುತ್ತಿದ್ದಿರಿ.

ಡಾಕ್ಟರಿಗೆ ತೋರಿಸಿದ್ದಾಯಿತು. ಪಕ್ಕದ ಮನೆಯ ನಿಂಗಕ್ಕ ಅತ್ತೆಯ ಬಳಿ ಕೂತಿದ್ದಾಳೆ, ನೀವು ಬಂದ ಮೇಲೆ ಅವಳನ್ನು ಕಳಿಸಿ. ಹೀಟರ್ ಹುಡುಕಬೇಡಿ, ನನ್ನ ಚೀಲದಲ್ಲಿದೆ. ಜರಿಯೂ ಇದೆ, ಜೋಗಪ್ಪನೂ ನೋಡಲಿ. ನೀರು ಒಲೆಯ ಮೇಲೆ ಕಾಯಿಸಿ. ಅತ್ತೆಯ ಬಲಗೈ ಇನ್ನೂ ನಡುಗುತ್ತಿದೆ, ಲೋಟ ನೀವೇ ಹಿಡಿದು ಕುಡಿಸಿ.

ಹೇಗಾಯಿತೆಂದು ಅವರನ್ನು ಕೇಳಬೇಡಿ. “ನನ್ ಮಗ ಕಷ್ಟಬಿದ್ದು ಮಾಡ್ಯಾನೆ, ಅವನಿಗೆ ಹೇಳಬ್ಯಾಡವ್ವ, ನೊಂದ್ಕೊಂತಾನೆ” ಎಂದು ನನ್ನ ಕೈ ಹಿಡಿದುಕೊಂಡರು. ಕಾಲು ಜಾರಿತು ಎನ್ನುತ್ತಾರೆ. ನಂಬಿದಂತೆ ನಟಿಸಿ. ಅದಾದರೂ ನಿಮ್ಮ ಕೈಲಾದೀತು.