ಮಾತಾಡಬಾರದ ಮೊದಲ ಸುತ್ತು

ಒಹಾಯೊ, ನವೆಂಬರ್ ೧೯೨೭

ವೆಂಡೆಲ್,

ಇವತ್ತು ನಿಮ್ಮಮ್ಮ ಕಪ್ಪು ಕೋಟು ಹಾಕಿಕೊಂಡು ಹಾಸ್ಟೆಲಿಗೆ ಬಂದಿದ್ದರು, ನಿನ್ನ ಟ್ರಂಕ್ ಒಯ್ಯಲು. ನಿನ್ನ ಸ್ವೆಟರ್ ಮಡಿಚಲು ನಾನೂ ಕೈ ಹಾಕಿದೆ. "ಎಷ್ಟು ಸೊರಗಿದ್ದೀಯೋ, ಊಟ ಮಾಡಲ್ವಾ?" ಎಂದು ನನ್ನನ್ನೇ ಗದರಿದರು.

ಚೆಂಡು ಕೈಯಲ್ಲಿ ಹಿಡಿದು ನುಗ್ಗುವ ನಮ್ಮ ಈ ಫುಟ್‌ಬಾಲ್ ಸೀಸನ್ ಮುಗಿಯಿತು ಕಣೋ. ನಮ್ಮ ಟೀಮ್ ಗೆದ್ದದ್ದು ನೀನು ಕೊನೆಯದಾಗಿ ಆಡಿದ ಆ ಒಂದು ಶನಿವಾರ ಮಾತ್ರ. ನಿಮ್ಮಮ್ಮ ನಿನ್ನ ಮಂಚದ ಮೇಲೆ ಕೂತು ಆ ದಿನದ್ದನ್ನೇ ಕೇಳಿದರು. ಹೇಳಿದೆ.

ನಿನ್ನ ತಲೆಗೆ ಪೆಟ್ಟು ಬಿತ್ತು. ನೀನು ನಗುತ್ತಲೇ ಎದ್ದೆ. ಕೋಚ್ ಬೇರೊಬ್ಬನ ಬದಲಿಗೆ ನನ್ನನ್ನು ಇಳಿಸಿದರು. "ವೆಂಡೆಲ್‌ಗೆ ಸ್ವಲ್ಪ ಹೊತ್ತು ಚೆಂಡು ಕೊಡಬೇಡಿ ಅಂತ ನಮ್ಮವರಿಗೆ ಹೇಳು. ಆದ್ರೆ ಒಂದು ಸುತ್ತು ಮುಗಿಯೋ ತನಕ ಬಾಯಿ ಬಿಟ್ಟೀಯ, ಜೋಕೆ! ಪೆನಾಲ್ಟಿ ಬೀಳತ್ತೆ" ಎಂದರು. ಹೊಸದಾಗಿ ಇಳಿದವನು ಕೋಚ್ ಮಾತು ಒಳಗೆ ಒಯ್ಯಬಾರದೆಂದು ಮೊದಲ ಸುತ್ತು, ಅಂದರೆ ಚೆಂಡು ಹಿಡಿದವನು ನೆಲಕ್ಕೆ ಬೀಳುವ ತನಕ, ಮೂಕನಾಗಿರಬೇಕು, ಅದು ರೂಲ್. ರೆಫರಿ ನನ್ನ ಬಾಯನ್ನೇ ನೋಡುತ್ತಿದ್ದ.

"ಏನೋ ಪುಕ್ಕಲ, ನಾಲಗೆ ರೂಮಲ್ಲೇ ಬಿಟ್ಟು ಬಂದ್ಯಾ?" ಎಂದು ನೀನು ಛೇಡಿಸಿದೆ. ಆ ಸುತ್ತಿನಲ್ಲೇ ಚೆಂಡು ನಿನ್ನ ಕೈಗೆ ಬಂತು. ಅದನ್ನು ಎದೆಗೊತ್ತಿಕೊಂಡು ನೀನು ಎದುರಾಳಿಗಳ ಸಾಲಿಗೇ ನುಗ್ಗಿದೆ. ಮತ್ತೆ ಏಳಲಿಲ್ಲ.

"ಅವನಿಗೆ ನೀನೇನು ಹೇಳಿದೆ, ಮಗು?" ಎಂದು ನಿಮ್ಮಮ್ಮ ಕೇಳಿದರು.

"ಏನೂ ಇಲ್ಲಮ್ಮ. ಮಾತಾಡೋ ಹಾಗಿರಲಿಲ್ಲ."

ಅವರು ಎದ್ದು ಟ್ರಂಕಿನ ಮುಚ್ಚಳ ಹಾಕಿದರು. ಆಮೇಲೆ ನನ್ನ ಕೆನ್ನೆ ತಟ್ಟಿದರು.

"ನೀನು ಒಳ್ಳೆ ಹುಡುಗ ಕಣೋ. ಹೇಳಿದ ಮಾತು ಕೇಳ್ತೀಯ. ನಮ್ಮ ವೆಂಡೆಲ್ ಯಾವತ್ತೂ ಕೇಳ್ತಿರಲಿಲ್ಲ."